ಹಳೆಯ ಪ್ಲಗಿನ್, ನಿಧಾನಿಸಿದ ಕಂಪ್ಯೂಟರ್: ದೂರು ಯಾರ ಮೇಲೆ?

"ಸಿಸ್ಟಮ್ ತುಂಬಾ ಸ್ಲೋ ಉಂಟು ಮಾರಾಯ್ರೆ, ಬ್ರೌಸರ್ ತೆರೆದರೆ ಹ್ಯಾಂಗ್ ಆಗ್ತದೆ." ಈ ದೂರನ್ನು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನ ರಿಪೇರಿ ಅಂಗಡಿಗೆ ಒಯ್ದರೆ "ಹಾರ್ಡ್ ಡಿಸ್ಕ್ ಹಳತಾಗಿದೆ, ಎಸ್‌ಎಸ್‌ಡಿ ಹಾಕುವ, ಫಾರ್ಮ್ಯಾಟ್ ಮಾಡುವ" ಎನ್ನುತ್ತಾರೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನನ್ನು ಕೇಳಿದರೆ "ಹಳೆ ಪ್ಲಗಿನ್, ಎಕ್ಸ್‌ಟೆನ್ಶನ್ ಎಲ್ಲ ತೆಗೆದುಬಿಡಿ" ಎಂಬ ಸಲಹೆ. ಕಾಪುವಿನ ತೆರಿಗೆ ಸಲಹೆಗಾರರಿಗೆ ಅದನ್ನು ಹೇಳಿ ನೋಡಿ: "ತೆಗೆದರೆ ನಾಳೆ ಡಿಜಿಟಲ್ ಸಹಿ ಬೀಳುವುದಿಲ್ಲ, ರಿಟರ್ನ್ ಯಾರು ಹಾಕ್ತಾರೆ?" ಕಾರ್ಕಳದ ಗುತ್ತಿಗೆದಾರರ ಕಚೇರಿಯಲ್ಲಿ ಟೆಂಡರ್ ಅಪ್‌ಲೋಡ್ ಮಾಡುವವರು ತಮ್ಮ ಯಂತ್ರವನ್ನು ದೂರುವುದೇ ಇಲ್ಲ. ಅವರ ಪ್ರಕಾರ ಎಲ್ಲಕ್ಕೂ ಕಾರಣ ಒಂದೇ, "ಸರ್ವರ್ ಡೌನ್".

ನಾಲ್ಕರಲ್ಲೂ ಸತ್ಯಾಂಶ ಉಂಟು, ಅದರಿಂದಲೇ ಗೊಂದಲ. ಅವಧಿ ಮುಗಿದ ಪ್ಲಗಿನ್ ಕಂಪ್ಯೂಟರನ್ನು ಎಷ್ಟರ ಮಟ್ಟಿಗೆ ನಿಧಾನಿಸುತ್ತದೆ, ಅದನ್ನು ಇಟ್ಟುಕೊಂಡವರ ತಪ್ಪೆಷ್ಟು, ಇಟ್ಟುಕೊಳ್ಳುವಂತೆ ಮಾಡಿದವರ ತಪ್ಪೆಷ್ಟು ಎಂಬ ಚರ್ಚೆಗೆ ಈಗ ಹೆಚ್ಚುಕಡಿಮೆ ಮೂವತ್ತು ವರ್ಷ.

ಪ್ಲಗಿನ್ ಬಂದದ್ದು, ಹೋದದ್ದು

1990ರ ದಶಕದ ಬ್ರೌಸರ್‌ಗೆ ಅಕ್ಷರ ಮತ್ತು ಚಿತ್ರ ಬಿಟ್ಟು ಹೆಚ್ಚೇನೂ ತೋರಿಸಲು ಬರುತ್ತಿರಲಿಲ್ಲ. ಹಾಡು, ವಿಡಿಯೋ, ಆಟ, ಪಿಡಿಎಫ್ ಹೀಗೆ ಒಂದೊಂದಕ್ಕೂ ಹೊರಗಿನ ಒಂದು ಚಿಕ್ಕ ತಂತ್ರಾಂಶವನ್ನು ಜೋಡಿಸಿಕೊಳ್ಳಬೇಕಿತ್ತು. ನೆಟ್‌ಸ್ಕೇಪ್ ತನ್ನ ಎರಡನೇ ಆವೃತ್ತಿಯಲ್ಲಿ ಎನ್‌ಪಿಎಪಿಐ ಹೆಸರಿನ ವ್ಯವಸ್ಥೆಯ ಮೂಲಕ ಇದಕ್ಕೆ ದಾರಿ ಮಾಡಿಕೊಟ್ಟಿತು. ಮೈಕ್ರೋಸಾಫ್ಟ್ 1996ರಲ್ಲಿ ಆಕ್ಟಿವ್‌ಎಕ್ಸ್ ತಂದಿತು. ಸನ್ ಕಂಪನಿಯ ಜಾವಾ ಆಪ್ಲೆಟ್‌ಗಳೂ ಆ ಕಾಲದವೇ. ಫ್ಯೂಚರ್‌ಸ್ಪ್ಲಾಶ್ ಎಂಬ ಪುಟ್ಟ ಅನಿಮೇಶನ್ ತಂತ್ರಾಂಶವನ್ನು ಮ್ಯಾಕ್ರೋಮೀಡಿಯಾ ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. 2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು. ಅದೇ ವರ್ಷ ಹುಟ್ಟಿದ ಯೂಟ್ಯೂಬ್ ಫ್ಲ್ಯಾಶ್ ಇಲ್ಲದೆ ಒಂದು ವಿಡಿಯೋವನ್ನೂ ತೋರಿಸುತ್ತಿರಲಿಲ್ಲ.

ಕನ್ನಡದ ಓದುಗರಿಗೆ ಈ ಅವಲಂಬನೆ ಇನ್ನೊಂದು ದಾರಿಯಿಂದಲೂ ಬಂತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಜಾಲತಾಣದಲ್ಲಿ ಕನ್ನಡ ಅಕ್ಷರ ಕಾಣಬೇಕಾದರೆ ಆ ತಾಣದ ಫಾಂಟನ್ನೇ ಇಳಿಸಿಕೊಳ್ಳಬೇಕಿತ್ತು. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಮತ್ತು ನೆಟ್‌ಸ್ಕೇಪ್ 4 ಫಾಂಟನ್ನು ಪುಟದ ಜತೆಗೇ ಕಳಿಸುವ ಡೈನಾಮಿಕ್ ಫಾಂಟ್ ಉಪಾಯ ಹುಡುಕಿದವು. ಒಬ್ಬರ ವಿಧಾನ ಇನ್ನೊಬ್ಬರಿಗೆ ಆಗದು. ಗೆದ್ದ ಬ್ರೌಸರ್‌ಗೆ ಮಾತ್ರ ತಾಣ ಕಟ್ಟುವ ಅಭ್ಯಾಸ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಕಚೇರಿಗಳಿಗೂ ಆಗಲೇ ಅಂಟಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್‌ನೊಂದಿಗೆ ಬಂದ ಮೇಲೆ ಅಕ್ಷರದ ತೊಂದರೆ ಮೆಲ್ಲಗೆ ನೀಗಿತು. "ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ" ಎಂಬ ಸೂಚನೆ ಮಾತ್ರ ಇನ್ನೂ ಎರಡು ದಶಕ ಉಳಿಯಿತು.

ಇಳಿಗಾಲ ಶುರುವಾದದ್ದು ಫೋನಿನಿಂದ. 2007ರ ಐಫೋನ್‌ನಲ್ಲಿ ಫ್ಲ್ಯಾಶ್ ಇರಲಿಲ್ಲ. ಬ್ಯಾಟರಿ ತಿನ್ನುತ್ತದೆ, ಯಂತ್ರವನ್ನು ಕೆಡವುತ್ತದೆ, ಭದ್ರತೆ ಇಲ್ಲ ಎಂದು 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವನ್ನೇ ಬರೆದರು. ಸಣ್ಣ ಆಟಗಳ ಲೋಕ ಬ್ರೌಸರ್‌ನಿಂದ ಫೋನಿನ ಆಪ್‌ಗಳಿಗೆ ಜಾರಿದ್ದೂ ಆ ವರ್ಷಗಳಲ್ಲಿಯೇ. ಆಪ್‌ಗಳ ಆ ಹೊಸ ಪೇಟೆಯಲ್ಲಿ ಹೆಸರು ಮಾಡಿದವರಲ್ಲಿ ನಮ್ಮ ಉಡುಪಿಯ ರೋಬೋಸಾಫ್ಟ್, 99ಗೇಮ್ಸ್ ಕೂಡ ಇದ್ದವು ಎಂಬುದನ್ನು ಇಲ್ಲಿನವರು ಅಷ್ಟಾಗಿ ನೆನೆಯುವುದಿಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಪಿಐಯನ್ನು ಪೂರ್ತಿ ತೆಗೆಯಿತು. 2017ರ ಮಾರ್ಚ್‌ನ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನು ಉಳಿಸಿ ಮಿಕ್ಕ ಪ್ಲಗಿನ್‌ಗಳನ್ನು ಹೊರಹಾಕಿತು. 2018ರ ಜಾವಾ 11ರಲ್ಲಿ ಬ್ರೌಸರ್ ಪ್ಲಗಿನ್ ಇರಲೇ ಇಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ನ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಫ್ಲ್ಯಾಶ್ ತಾನೇ ತನ್ನ ಕೆಲಸ ನಿಲ್ಲಿಸಿತು. ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಪ್ಲಗಿನ್ ಮುಗಿದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ನಿವೃತ್ತವಾದದ್ದು 2022ರ ಜೂನ್ 15ರಂದು.

ಕಾಗದದ ಮೇಲೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬಳಕೆಯಲ್ಲಿರುವ ಯಂತ್ರಗಳಲ್ಲಿ ಮುಗಿದಿಲ್ಲ.

ಕಿತ್ತುಹಾಕಿ ಎನ್ನುವವರು

ಭದ್ರತಾ ತಜ್ಞರದೂ ಬ್ರೌಸರ್ ತಯಾರಕರದೂ ಹಳೆಯ ವಾದ ಇದು. ಅವರ ವಿವರಣೆ ಸರಳ. ಪ್ಲಗಿನ್ ಎಂದರೆ ಬ್ರೌಸರ್‌ನ ಹೊಟ್ಟೆಯೊಳಗೆ ಓಡುವ ಪರರ ತಂತ್ರಾಂಶ. ಅದು ಮೆಮೊರಿ ತೆಗೆದುಕೊಂಡು ವಾಪಸ್ ಕೊಡದಿದ್ದರೆ ಬ್ರೌಸರ್ ಉಬ್ಬುತ್ತದೆ. ಅದು ಸಿಕ್ಕಿಹಾಕಿಕೊಂಡರೆ ತೆರೆದಿದ್ದ ಎಲ್ಲ ಪುಟಗಳೂ ನಿಲ್ಲುತ್ತವೆ. ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಲು ತಿಳಿಯದ ಹಳೆ ಪ್ಲಗಿನ್ ಎಲ್ಲವನ್ನೂ ಪ್ರೊಸೆಸರ್ ಮೇಲೆ ಹೇರುತ್ತದೆ, ಫ್ಯಾನ್ ಕಿರುಚತೊಡಗುತ್ತದೆ. ಇದಕ್ಕೆ ಪರಿಹಾರವಾಗಿಯೇ 2010ರಲ್ಲಿ ಫೈರ್‌ಫಾಕ್ಸ್ ಪ್ಲಗಿನ್‌ಗಳನ್ನು ಬೇರೆ ಪ್ರಕ್ರಿಯೆಗೆ ವರ್ಗಾಯಿಸಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ಲಗಿನ್-ಕಂಟೇನರ್ ಎಂಬ ಹೆಸರು ಕಂಡು ವೈರಸ್ ಎಂದು ಹೆದರಿದವರು ಆಗ ಎಷ್ಟೋ ಮಂದಿ.

ಪ್ಲಗಿನ್ ತಾನೊಂದೇ ಬರುತ್ತಿರಲಿಲ್ಲ ಎಂಬುದು ಈ ಪಂಗಡದ ಇನ್ನೊಂದು ಬಲವಾದ ಅಂಶ. ಜಾವಾ ಅಪ್‌ಡೇಟ್ ಜತೆ ಆಸ್ಕ್ ಟೂಲ್‌ಬಾರ್ ಬರುತ್ತಿತ್ತು. ಫ್ಲ್ಯಾಶ್ ಇಳಿಸಿಕೊಂಡರೆ ಆಂಟಿವೈರಸ್ ಕಂಪನಿಯ ಸ್ಕ್ಯಾನರ್ ಒಂದು ಸೇರಿಕೊಳ್ಳುತ್ತಿತ್ತು. ಮೊದಲೇ ಗುರುತು ಹಾಕಿದ ಚೌಕವನ್ನು ಗಮನಿಸದೆ "ನೆಕ್ಸ್ಟ್, ನೆಕ್ಸ್ಟ್" ಒತ್ತಿದವರ ಯಂತ್ರದಲ್ಲಿ ಅಪ್‌ಡೇಟ್ ಹುಡುಕುವ ಸಣ್ಣ ಸೇವೆಗಳು ಸಾಲಾಗಿ ಕೂರುತ್ತಿದ್ದವು, ಪ್ರತಿ ಬಾರಿ ಕಂಪ್ಯೂಟರ್ ಆನ್ ಆದಾಗಲೂ ಎದ್ದು ಬರುತ್ತಿದ್ದವು. ಪ್ಲಗಿನ್ ಸತ್ತ ಮೇಲೂ ಈ ಪರಿವಾರ ಬದುಕಿರುವ ಯಂತ್ರಗಳುಂಟು.

ಭದ್ರತೆಯ ವಾದಕ್ಕಂತೂ ಎದುರುತ್ತರವಿಲ್ಲ. 2013ರ ಜನವರಿಯಲ್ಲಿ ಜಾವಾದ ಒಂದು ರಂಧ್ರ ಬಯಲಾದಾಗ ಅಮೆರಿಕದ ಗೃಹಭದ್ರತಾ ಇಲಾಖೆಯೇ ಬ್ರೌಸರ್‌ನಲ್ಲಿ ಜಾವಾ ನಿಲ್ಲಿಸಿ ಎಂದು ಜನರಿಗೆ ಹೇಳಿತು. ಆದರೆ ಭದ್ರತೆ ಬೇರೆ, ವೇಗ ಬೇರೆ. ಅಪಾಯಕಾರಿ ಪ್ಲಗಿನ್ ತೆಗೆದ ಮಾತ್ರಕ್ಕೆ ಯಂತ್ರ ಚುರುಕಾಗಲೇಬೇಕೆಂದಿಲ್ಲ. ಈ ಪಂಗಡದವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಕೇಳಿದವರು ನಿರಾಶರಾಗುತ್ತಾರೆ.

ಯಂತ್ರವೇ ಹಳತು ಎನ್ನುವವರು

ರಿಪೇರಿ ಅಂಗಡಿಯ ತೀರ್ಪನ್ನು ಹಣ ಮಾಡುವ ತಂತ್ರವೆಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡುವುದು ಅನ್ಯಾಯ. ತಿರುಗುವ ಹಾರ್ಡ್ ಡಿಸ್ಕ್ ಮತ್ತು 2 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ವಿಂಡೋಸ್ 10 ಹಾಕಿದರೆ ಅಲ್ಲಿಗೇ ಕನಿಷ್ಠ ಅಗತ್ಯದ ಗೆರೆ ಮುಟ್ಟಿದಂತೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚುವರಿ ಸರಕನ್ನು ಡಿಸ್ಕ್‌ಗೆ ಬರೆಯುತ್ತದೆ, ಮತ್ತೆ ಬೇಕಾದಾಗ ಓದುತ್ತದೆ. ತಿರುಗುವ ಡಿಸ್ಕ್‌ನಲ್ಲಿ ಈ ಓಡಾಟವೇ "ಹ್ಯಾಂಗ್". ಎಸ್‌ಎಸ್‌ಡಿ ಹಾಕಿದ ಕೂಡಲೇ ಅದೇ ಹಳೆ ಪ್ಲಗಿನ್ ಇದ್ದ ಯಂತ್ರ ಹಗುರಾಗಿ ಓಡುವುದು ಇದರಿಂದ.

ನಮ್ಮ ಕರಾವಳಿಗೆ ಇದರಲ್ಲಿ ಬೇರೊಂದು ಪಾಲೂ ಉಂಟು. ಮುರಕಲ್ಲಿನ ನವುರು ಧೂಳು, ಮಳೆಗಾಲದ ತೇವ, ಕಾಪು ಬದಿಯಲ್ಲಾದರೆ ಉಪ್ಪುಗಾಳಿ ಎಲ್ಲ ಸೇರಿ ಪ್ರೊಸೆಸರ್ ಮೇಲಿನ ಫ್ಯಾನಿನಲ್ಲಿ ಪದರ ಕಟ್ಟುತ್ತವೆ. ಬಿಸಿ ಹೆಚ್ಚಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನದ ಸೆಕೆಗೆ ನಿಧಾನವಾಗುವ ಕಂಪ್ಯೂಟರಿನಲ್ಲಿ ಪ್ಲಗಿನ್ ಹುಡುಕುವ ಮೊದಲು ಮುಚ್ಚಳ ತೆಗೆದು ಧೂಳು ಊದಿಸುವುದು ಒಳ್ಳೆಯದು.

ಆದರೂ ಈ ವಾದದ ದೌರ್ಬಲ್ಯ ಅದರ ಒಂದೇ ಮದ್ದಿನಲ್ಲಿದೆ. ಎಲ್ಲದಕ್ಕೂ ಫಾರ್ಮ್ಯಾಟ್ ಮಾಡುವುದೆಂದರೆ ಹೆಂಚು ಒಡೆದದ್ದಕ್ಕೆ ಮನೆಯ ಮಾಡನ್ನೇ ಬಿಚ್ಚಿದ ಹಾಗೆ. ಫಾರ್ಮ್ಯಾಟ್‌ನಿಂದ ಯಂತ್ರ ಹಗುರಾಗುವುದು ನಿಜ. ಯಾವುದನ್ನು ತೆಗೆದದ್ದರಿಂದ ಹಗುರಾಯಿತು ಎಂಬುದು ಮಾತ್ರ ತಿಳಿಯದೇ ಹೋಗುತ್ತದೆ. ಮೂರು ತಿಂಗಳಲ್ಲಿ ಅದೇ ಸರಕು ಮತ್ತೆ ಒಳಗೆ ಬಂದು ಕೂರುತ್ತದೆ.

ಪುಟವೇ ಭಾರ ಎನ್ನುವವರು

ಫ್ಲ್ಯಾಶ್ ಹೋದ ಮೇಲೆ ಬ್ರೌಸರ್ ಹಗುರಾಗಬೇಕಿತ್ತಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವವರ ಪಂಗಡ ಇದು. ಎಚ್‌ಟಿಟಿಪಿ ಆರ್ಕೈವ್ ಎಂಬ ಯೋಜನೆ ಜಾಲಪುಟಗಳ ತೂಕ ಅಳೆಯುತ್ತ ಬಂದಿದೆ. 2010ರ ಕೊನೆಗೆ ಸುಮಾರು ಅರ್ಧ ಎಂಬಿ ಇದ್ದ ನಡುಮಟ್ಟದ ಪುಟ 2020ರ ಹೊತ್ತಿಗೆ 2 ಎಂಬಿ ಮುಟ್ಟಿತ್ತು. ಜಾಹೀರಾತು, ಹಿಂಬಾಲಿಸುವ ಸ್ಕ್ರಿಪ್ಟ್, ತಾನಾಗಿ ಓಡುವ ವಿಡಿಯೋ ಇವುಗಳಿಗೆ ಈಗ ಪ್ಲಗಿನ್ ಬೇಡ, ಬ್ರೌಸರೇ ಸಾಕು. ಹಿಂದೆ ಪ್ಲಗಿನ್ ಮಾಡುತ್ತಿದ್ದ ಹಾವಳಿಯನ್ನು ಈಗ ಪುಟವೇ ಮಾಡುತ್ತದೆ.

ಬ್ರೌಸರ್ ಕೂಡ ಸುರಕ್ಷಿತವಾಗುತ್ತ ದಪ್ಪಗಾಯಿತು. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಹೊರಬಿದ್ದಾಗ ಕ್ರೋಮ್ 67 ಪ್ರತಿ ತಾಣವನ್ನೂ ಬೇರೆ ಬೇರೆ ಪ್ರಕ್ರಿಯೆಯಲ್ಲಿ ಕೂರಿಸಿತು. ಇದರಿಂದ ಶೇ. 10ರಿಂದ 13ರಷ್ಟು ಹೆಚ್ಚು ಮೆಮೊರಿ ಬೇಕಾಗುತ್ತದೆ ಎಂದು ಗೂಗಲ್ ತಾನೇ ಒಪ್ಪಿತು. ಪ್ಲಗಿನ್ ಜಾಗಕ್ಕೆ ಬಂದ ಎಕ್ಸ್‌ಟೆನ್ಶನ್‌ಗಳದ್ದೂ ಇದೇ ಹಾಡು. ತೆರೆದಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತೇನೆಂದು ಜನಪ್ರಿಯವಾದ ಗ್ರೇಟ್ ಸಸ್ಪೆಂಡರ್ 2020ರಲ್ಲಿ ಕೈ ಬದಲಾಯಿತು. ಅದರಲ್ಲಿ ದುರುದ್ದೇಶದ ಕೋಡ್ ಸೇರಿದೆ ಎಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ವೇಗ ಕೊಡುವ ಎಕ್ಸ್‌ಟೆನ್ಶನ್ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಅನುಮಾನ.

ಕಟ್ಟಿಹಾಕಿದವರು ಯಾರು?

ಕಾಪು, ಕಾರ್ಕಳದ ಕಚೇರಿಗಳನ್ನು ಅರ್ಥ ಮಾಡಿಕೊಳ್ಳಲು ಮೇಲಿನ ಮೂರೂ ವಾದ ಸಾಲದು. ಅಲ್ಲಿ ಹಳೆಯ ತಂತ್ರಾಂಶ ಉಳಿದಿರುವುದು ಅಜ್ಞಾನದಿಂದಲ್ಲ, ಅದನ್ನು ಬೇಡುವ ತಾಣ ಇನ್ನೂ ಇದ್ದುದರಿಂದ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ-21 ಬಂತು, ಆದಾಯ ತೆರಿಗೆ, ಇ-ಟೆಂಡರ್, ಭವಿಷ್ಯನಿಧಿ ಹಿಂಬಾಲಿಸಿದವು. ಸಹಿ ಇರುವುದು ಯುಎಸ್‌ಬಿ ಟೋಕನ್‌ನಲ್ಲಿ, ಅಂದರೆ ಎಲ್ಲರೂ ಡಾಂಗಲ್ ಎನ್ನುವ ಆ ಕಡ್ಡಿಯಲ್ಲಿ. ಭದ್ರತೆಯ ದೃಷ್ಟಿಯಿಂದ ಬ್ರೌಸರ್ ಆ ಕಡ್ಡಿಯನ್ನು ನೇರವಾಗಿ ಮುಟ್ಟುವಂತಿಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕು. ಮೊದಲು ಆ ಕೆಲಸ ಜಾವಾ ಆಪ್ಲೆಟ್‌ನದು, ಕೆಲವೆಡೆ ಆಕ್ಟಿವ್‌ಎಕ್ಸ್‌ನದು. ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ಇ-ಟೆಂಡರ್ ವ್ಯವಸ್ಥೆಗೆ ಬಹುಕಾಲ ಜಾವಾ ಕಡ್ಡಾಯವಾಗಿತ್ತು. ಕ್ರೋಮ್ 2015ರಲ್ಲಿ ಜಾವಾ ಬಿಟ್ಟಾಗ ಜನ ಫೈರ್‌ಫಾಕ್ಸ್‌ಗೆ ಬಂದರು. ಫೈರ್‌ಫಾಕ್ಸೂ ಬಿಟ್ಟಾಗ ಅದರ ಹಳೆಯ ಆವೃತ್ತಿಯನ್ನು ಅಪ್‌ಡೇಟ್ ಆಗದಂತೆ ತಡೆದು ಇಟ್ಟುಕೊಂಡರು. ಬ್ರೌಸರ್ ಅಪ್‌ಡೇಟ್ ಮಾಡಬೇಡಿ ಎಂಬುದು ಕಚೇರಿಗಳ ಅಲಿಖಿತ ನಿಯಮವಾಯಿತು. ಒಂದೇ ಯಂತ್ರದಲ್ಲಿ ಜಾವಾದ ಎರಡು ಮೂರು ಆವೃತ್ತಿ ಒಟ್ಟಿಗೆ ಇರುವುದು ಈ ನಿಯಮದ ಫಲ.

ಆಪ್ಲೆಟ್‌ನ ಕಾಲ ಮುಗಿದ ಮೇಲೆ ದಲ್ಲಾಳಿ ಬ್ರೌಸರ್‌ನಿಂದ ಹೊರಗೆ ಬಂದ. 2017ರ ಜುಲೈ 1ರಿಂದ ಜಾರಿಯಾದ ಜಿಎಸ್‌ಟಿಗೆ ಎಂಸೈನರ್, 2021ರ ಜೂನ್ 7ರಂದು ಶುರುವಾದ ಹೊಸ ಆದಾಯ ತೆರಿಗೆ ತಾಣಕ್ಕೆ ಎಂಬ್ರಿಜ್. ಇವು ವಿಂಡೋಸ್ ಹಿನ್ನೆಲೆಯಲ್ಲಿ ಓಡುತ್ತ, ಬ್ರೌಸರ್ ಜತೆ ಯಂತ್ರದೊಳಗಿನ ಒಂದು ಪೋರ್ಟ್ ಮೂಲಕ ಮಾತಾಡುವ ಪುಟ್ಟ ಸರ್ವರ್‌ಗಳು. ಇದರ ಮೇಲೆ ಪ್ರತಿ ಟೋಕನ್ ಕಂಪನಿಗೂ ಅದರದ್ದೇ ಡ್ರೈವರ್. ಹಲವು ಗ್ರಾಹಕರ ಡಾಂಗಲ್ ಇಟ್ಟುಕೊಂಡ ಸಲಹೆಗಾರರ ಕಂಪ್ಯೂಟರಿನಲ್ಲಿ ಮೂರು ನಾಲ್ಕು ಡ್ರೈವರ್ ಸಾಫ್ಟ್‌ವೇರ್ ಬೆಳಿಗ್ಗೆ ಒಟ್ಟಿಗೆ ಎದ್ದೇಳುವುದು ಸಾಮಾನ್ಯ. ಒಂದೊಂದೇ ನೋಡಿದರೆ ಇವು ದೊಡ್ಡ ಭಾರವಲ್ಲ. ಒಂದರ ಪೋರ್ಟನ್ನು ಇನ್ನೊಂದು ಹಿಡಿದರೆ, ಆಂಟಿವೈರಸ್ ಅಡ್ಡ ಬಂದರೆ, ಪುಟ ಕಾಯುತ್ತಲೇ ಇರುತ್ತದೆ. "ಸರ್ವರ್ ಡೌನ್" ಎಂದು ಕಾರ್ಕಳದಲ್ಲಿ ಹೇಳುವುದು ಒಮ್ಮೊಮ್ಮೆ ಮೇಜಿನ ಕೆಳಗಿರುವ ತಮ್ಮದೇ ಯಂತ್ರದ ಈ ಸರ್ವರ್‌ನ ಬಗ್ಗೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ.

ಇದು ನಮ್ಮೊಬ್ಬರ ಸಂಕಟವಲ್ಲ. ದಕ್ಷಿಣ ಕೊರಿಯಾದ ಬ್ಯಾಂಕುಗಳು ಆಕ್ಟಿವ್‌ಎಕ್ಸ್‌ಗೆ ಕಟ್ಟುಬಿದ್ದು ಎರಡು ದಶಕ ಒದ್ದಾಡಿದವು. ಫ್ಲ್ಯಾಶ್ ನಿಂತ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ಫಾರ್ಮ್‌ಗಳನ್ನು ಬದಲಿಸುವ ಬದಲು ಫ್ಲ್ಯಾಶ್ ಓಡಿಸುವ ತನ್ನದೇ ಬ್ರೌಸರ್ ಹೊರತಂದಿತು. ಚೀನಾದ ಡಾಲಿಯನ್‌ನಲ್ಲಿ ರೈಲ್ವೆಯ ಒಂದು ಘಟಕ ಅದೇ ವಾರ ತೊಂದರೆಗೆ ಸಿಕ್ಕಿ, ಫ್ಲ್ಯಾಶ್‌ನ ಹಳೆ ಆವೃತ್ತಿ ಹಾಕಿ ಕೆಲಸ ಮುಂದುವರಿಸಿತು.

ನನ್ನ ಒಲವು ಈ ನಾಲ್ಕನೇ ವಾದದ ಕಡೆಗೆ. ಮನೆಯ ಲ್ಯಾಪ್‌ಟಾಪ್‌ಗೆ ಮೊದಲ ಮೂರು ಉತ್ತರ ಸಾಕು. ಹೊಟ್ಟೆಪಾಡಿಗೆ ಸರ್ಕಾರಿ ತಾಣ ತೆರೆಯಲೇಬೇಕಾದವರ ಮೇಜಿನ ಮೇಲೆ ಹಳೆಯ ತಂತ್ರಾಂಶವನ್ನು ಇಡಿಸಿದವರು ಬೇರೆಯವರು, ನಿಧಾನವನ್ನು ಅನುಭವಿಸುವವರು ಇವರು. ಬಿಡುಗಡೆಯ ದಾರಿ ಇಲ್ಲವೆಂದೂ ಅಲ್ಲ. 2015ರಲ್ಲಿ ನಿಯಮ ಬಂದ ಆಧಾರ್ ಆಧಾರಿತ ಇ-ಸಹಿಗೆ ಡಾಂಗಲೂ ಬೇಡ, ಡ್ರೈವರೂ ಬೇಡ, ಒಂದು ಓಟಿಪಿ ಸಾಕು. ವೈಯಕ್ತಿಕ ತೆರಿಗೆದಾರರು ಅದೇ ವರ್ಷದಿಂದ ರಿಟರ್ನನ್ನು ಹೀಗೆ ದೃಢೀಕರಿಸುತ್ತಿದ್ದಾರೆ. ಕಂಪನಿಗಳ ಕಡತ, ಲೆಕ್ಕಪರಿಶೋಧನೆಯ ವರದಿ, ಟೆಂಡರ್ ಇವುಗಳಲ್ಲಿ ಮಾತ್ರ ಕಡ್ಡಿ ಇನ್ನೂ ಬೇಕು.

ಊಹೆ ಬಿಟ್ಟು ಅಳತೆ

ಯಾವ ವಾದ ನಿಮ್ಮ ಯಂತ್ರಕ್ಕೆ ಸರಿ ಎಂದು ತಿಳಿಯಲು ಪಂಡಿತರು ಬೇಡ. ನಿಧಾನವಾಗಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಮ್ ಶೇ. 100ರಲ್ಲಿ ನಿಂತಿದ್ದರೆ ಅಂಗಡಿಯವರ ಮಾತು ಸರಿ. ಮೆಮೊರಿ ತುಂಬಿದ್ದು ಬ್ರೌಸರೇ ಮೇಲಿದ್ದರೆ ಕ್ರೋಮ್ ಅಥವಾ ಎಡ್ಜ್‌ನೊಳಗೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಬ್ರೌಸರ್‌ನ ಸ್ವಂತ ಟಾಸ್ಕ್ ಮ್ಯಾನೇಜರ್ ಬಂದು ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ತಿನ್ನುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಫೈರ್‌ಫಾಕ್ಸ್ ಬಳಸುವವರಿಗೆ ಅದರ ಮೆನುವಿನಲ್ಲೇ ಇಂಥ ಪುಟವೂ ಎಕ್ಸ್‌ಟೆನ್ಶನ್‌ಗಳಿಲ್ಲದೆ ತೆರೆಯುವ ಟ್ರಬಲ್‌ಶೂಟ್ ಮೋಡ್ ಕೂಡ ಉಂಟು. ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೀವೇ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಶನ್ ಓಡುವುದಿಲ್ಲ. ಅದೇ ತಾಣ ಅಲ್ಲಿ ಚುರುಕಾಗಿದ್ದರೆ ಸಂಶಯ ಎಕ್ಸ್‌ಟೆನ್ಶನ್ ಮೇಲೆ. ಆಗ ಅರ್ಧದಷ್ಟನ್ನು ನಿಲ್ಲಿಸಿ ನೋಡಿ, ಆಮೇಲೆ ಉಳಿದರ್ಧ.

ಫ್ಲ್ಯಾಶ್, ಸಿಲ್ವರ್‌ಲೈಟ್, ಟೂಲ್‌ಬಾರ್ ಇನ್ನೂ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆಯಲು ಹಿಂದೆಮುಂದೆ ನೋಡಬೇಕಾಗಿಲ್ಲ. ಜಾವಾ ಹಾಗಲ್ಲ. ಡೆಸ್ಕ್‌ಟಾಪ್‌ನಲ್ಲಿ ಓಡುವ ಕೆಲವು ತಂತ್ರಾಂಶಗಳಿಗೆ ಅದು ಬೇಕಾಗಬಹುದು, ಕೇಳಿಕೊಂಡೇ ತೆಗೆಯಿರಿ. ಸಹಿಯ ಸೇವೆಗಳನ್ನು ತೆಗೆಯಬೇಕಾಗಿಲ್ಲ. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಲ್ಲಿಸಿ, ರಿಟರ್ನ್ ಹಾಕುವ ದಿನ ಕೈಯಿಂದ ಶುರುಮಾಡಿದರೆ ಸಾಕು. ಹಳೆಯ ತಾಣಕ್ಕೆ ಹಳೆಯ ಬ್ರೌಸರ್ ಬೇಕೇಬೇಕು ಎಂದಾದರೆ ಅದಕ್ಕೊಂದು ಹಳೆ ಯಂತ್ರವನ್ನೇ ಪ್ರತ್ಯೇಕವಾಗಿಟ್ಟು, ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಜಾಣತನ.

ಇತ್ಯರ್ಥವಾಗದ ಸಂಗತಿಗಳು

ಎಡ್ಜ್ ಬ್ರೌಸರ್‌ನೊಳಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್ ಒಂದನ್ನು ಮೈಕ್ರೋಸಾಫ್ಟ್ ಕನಿಷ್ಠ 2029ರವರೆಗೆ ಇಡುವುದಾಗಿ ಹೇಳಿದೆ. ಇದು ಬದಲಾಗಲು ಕೊಟ್ಟ ಸಮಯವೋ, ಬದಲಾಗದಿರಲು ಸಿಕ್ಕ ನೆಪವೋ ಎಂಬ ಬಗ್ಗೆ ಒಮ್ಮತವಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಸಣ್ಣ ಕಚೇರಿಗಳ ಬಹಳಷ್ಟು ಹಳೆ ಯಂತ್ರಗಳಲ್ಲಿ ಅದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಬಿಸಾಡಬೇಕೇ, ಲಿನಕ್ಸ್‌ಗೆ ಹೋಗಬೇಕೇ, ಹೋದರೆ ಎಲ್ಲ ಡಾಂಗಲ್‌ಗಳ ಡ್ರೈವರೂ ಅಲ್ಲಿ ಸರಿಯಾಗಿ ಓಡುತ್ತವೆಯೇ ಎಂಬ ಪ್ರಶ್ನೆಗೆ ಅಂಗಡಿಗೊಂದು ಉತ್ತರ.

ಎಕ್ಸ್‌ಟೆನ್ಶನ್‌ಗಳ ಅಧಿಕಾರ ಕಡಿತ ಮಾಡುವ ಮ್ಯಾನಿಫೆಸ್ಟ್ ವಿ3 ನಿಯಮವನ್ನು ಕ್ರೋಮ್ ಜಾರಿ ಮಾಡಿದೆ. ವೇಗಕ್ಕೂ ಭದ್ರತೆಗೂ ಒಳ್ಳೆಯದು ಎಂಬುದು ಗೂಗಲ್‌ನ ಮಾತು. ಜಾಹೀರಾತು ತಡೆದು ಪುಟ ಹಗುರ ಮಾಡುತ್ತಿದ್ದ ಯುಬ್ಲಾಕ್ ಆರಿಜಿನ್‌ನಂಥವುಗಳ ಕೈ ಕಟ್ಟಿದಂತಾಯಿತು ಎಂಬುದು ಬಳಕೆದಾರರ ದೂರು. ಜಾಹೀರಾತಿನಿಂದ ಬದುಕುವ ಕಂಪನಿಯೇ ಈ ನಿಯಮ ಬರೆದಿರುವಾಗ ದೂರನ್ನು ಸುಮ್ಮನೆ ತಳ್ಳಿಹಾಕಲಾಗದು.

ಹೋದ ಪ್ಲಗಿನ್ ಜತೆ ಹೋದ ಸರಕಿನ ಪ್ರಶ್ನೆಯೂ ಹಾಗೇ ಇದೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ರಫಲ್ ಎಂಬ ತಂತ್ರಾಂಶದ ನೆರವಿನಿಂದ ಹಳೆಯ ಫ್ಲ್ಯಾಶ್ ಆಟ, ಅನಿಮೇಶನ್‌ಗಳನ್ನು ಪ್ಲಗಿನ್ ಇಲ್ಲದೆಯೇ ಓಡಿಸುತ್ತಿದೆ. ಫ್ಲ್ಯಾಶ್‌ನಲ್ಲಿ ತಯಾರಾದ ಕನ್ನಡದ ಪಾಠದ ಸಿಡಿಗಳು ಯಾರ ಬಳಿಯಾದರೂ ಉಳಿದಿದ್ದರೆ ಬಿಸಾಡಬೇಡಿ, ಅವುಗಳಲ್ಲೂ ಹಲವು ರಫಲ್‌ನಲ್ಲಿ ತೆರೆದುಕೊಳ್ಳಬಹುದು. ಇನ್ನು ಟೆಂಡರ್ ಮತ್ತು ತೆರಿಗೆ ತಾಣಗಳನ್ನು ನಡೆಸುವವರಲ್ಲಿ ಒಂದು ಬೇಡಿಕೆ: ಹೊಸ ತಂತ್ರಾಂಶ ಹಾಕಿಸುವಾಗ, ಹಳೆಯದರಲ್ಲಿ ಯಾವುದನ್ನು ತೆಗೆಯಬಹುದು ಎಂಬುದನ್ನೂ ಅದೇ ಪುಟದಲ್ಲಿ ಕನ್ನಡದಲ್ಲಿ ಬರೆಯಿರಿ.